ಡಬ್ಬಿರಾಯ ತಿದ್ದಿದ ಮುಖ

ಫೋಟೋ ಸ್ಟುಡಿಯೋಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಪುಟ್ಟ ಕಂಪನಿಯಲ್ಲಿ ಅವನನ್ನು ಎಲ್ಲರೂ ಡಬ್ಬಿರಾಯ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಪ್ರೋಗ್ರಾಂ ಬರೆಯುವುದು ಅವನ ಕೆಲಸ, ಉಪದೇಶ ಮಾಡುವುದು ಹುಟ್ಟುಗುಣ. "ಪ್ರತಿಯೊಂದು ವಸ್ತುನೂ ಅದರದರ ಡಬ್ಬೀಲಿರ್ಬೇಕು. ಮುಚ್ಚಳ ಹಾಕಿರ್ಬೇಕು. ಹೊರಗಿನವ್ರು ಒಳಗೆ ಕೈ ಹಾಕ್ಬಾರ್ದು, ಏನು ಬೇಕೋ ಮುಚ್ಚಳದ ಹತ್ರ ನಿಂತು ಕೇಳ್ಬೇಕು" ಎಂದು ಚಹಾ ಯಂತ್ರದ ಮುಂದೆ ಸಿಕ್ಕವರನ್ನೆಲ್ಲ ಹಿಡಿದು ಕೊರೆಯುತ್ತಿದ್ದ. ಕೇಳುವವರ ಚಹಾ ಆರಿ ತಣ್ಣಗಾಗುತ್ತಿತ್ತು. ಮನೆಯಲ್ಲೂ ಅದೇ ರಾಗ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಟ್ಟಿದ್ದ. ಹೆಂಡತಿ ‘ಸಕ್ಕರೆ’ ಎಂದು ಬರೆದದ್ದರಲ್ಲಿ ಉಪ್ಪು ತುಂಬಿಟ್ಟು ಸೇಡು ತೀರಿಸಿಕೊಂಡಿದ್ದಳು.

ಅವನ ಜೀವಮಾನದ ಸಾಧನೆ ಎಂದರೆ ‘ಚಿತ್ರ’ ಎಂಬ ಕ್ಲಾಸು, ಅಂದರೆ ಪ್ರೋಗ್ರಾಮಿನೊಳಗೆ ಅವನು ಕಟ್ಟಿದ ಒಂದು ಡಬ್ಬಿ. ಕಂಪ್ಯೂಟರಿನೊಳಗೆ ಫೋಟೋ ಎನ್ನುವುದು ಉದ್ದಾನುದ್ದ ಸಾಲಾಗಿ ಕೂತ ಪೂರ್ಣಾಂಕಗಳು, ಅಷ್ಟೆ. ಒಂದೊಂದು ಚುಕ್ಕೆಗೆ ಒಂದೊಂದು ಅಂಕಿ. ಆ ಅಂಕಿಯೊಳಗೆ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂಬುದನ್ನು ಅದುಮಿ ತುಂಬಿರುತ್ತಾರೆ. ಆ ಸಾಲಿಗೆ ಅರೇ ಎಂದು ಹೆಸರು. ಡಬ್ಬಿರಾಯ ಅದನ್ನು ‘ಚಿತ್ರ’ದ ಹೊಟ್ಟೆಯಲ್ಲಿಟ್ಟು ಬೀಗ ಜಡಿದಿದ್ದ. "ಇದರ ಹತ್ರ ನೊಣಾನೂ ಸುಳಿಯಲ್ಲ" ಎಂದು ಎದೆಯುಬ್ಬಿಸಿ ಹೇಳಿದ್ದ.

ಫೋಟೋ ತಿದ್ದುವ ಮುಂಚೆ ಪ್ರೋಗ್ರಾಂ ಅದರ ನಕಲೊಂದನ್ನು ತೆಗೆದಿಟ್ಟುಕೊಳ್ಳಬೇಕು. ತಿದ್ದಿದ್ದು ಕೆಟ್ಟರೆ ‘ಮೂಲ’ ಎಂಬ ಗುಂಡಿ ಒತ್ತಿದಾಗ ಹಳೆಯದು ವಾಪಸ್ಸು ಬರಬೇಕು. ಡಬ್ಬಿರಾಯ ಅದನ್ನೂ ಬರೆದ. ಹೊಸ ಡಬ್ಬಿ ಮಾಡಿದ, ಚೀಟಿ ಅಂಟಿಸಿದ, ಮುಚ್ಚಳ ಬಿಗಿದ. ಹಳೆಯ ಅಂಕಿಗಳನ್ನು ಮಾತ್ರ ಅದಕ್ಕೆ ಸುರಿಯಲಿಲ್ಲ. ಅವು ಇರುವ ಜಾಗದ ವಿಳಾಸವನ್ನಷ್ಟೇ ಒಳಗಿಟ್ಟ. ಡಬ್ಬಿ ಎರಡಾದವು, ಸರಕು ಒಂದೇ ಉಳಿಯಿತು. ಒಂದರಲ್ಲಿ ಕೈಯಾಡಿಸಿದರೆ ಇನ್ನೊಂದೂ ಕಲಕಿಹೋಗುತ್ತದೆ. ಡಬ್ಬಿಗಳ ಬಗ್ಗೆ ಊರಿಗೆಲ್ಲ ಪಾಠ ಹೇಳುವ ಮಹಾಶಯ ಒಳಗೆ ಏನಿದೆ ಎಂದು ಇಣುಕಿಯೂ ನೋಡಲಿಲ್ಲ.

ಎಲ್ಲರ ಪ್ರೋಗ್ರಾಮುಗಳನ್ನೂ ಒತ್ತಿ ತಟ್ಟಿ ನೋಡುವುದೇ ಕೆಲಸವಾಗಿದ್ದ ಪಕ್ಕದ ಮೇಜಿನ ಪರೀಕ್ಷಕಿ ಬಂದು ಕೇಳಿದಳು.

"ಆ ‘ಮೂಲ’ ಗುಂಡೀನ ಒಂದ್ಸಲ ಒತ್ತಿ ನೋಡ್ಲಾ?"

"ನಂದನ್ನಾ? ನಾನು ಬರೆದದ್ದಕ್ಕೂ ಪರೀಕ್ಷೇನಾ? ನೀವು ಹೋಗಿ ಬೇರೆಯವ್ರದ್ದು ನೋಡಿ."

ಅವಳು ಭುಜ ಕುಣಿಸಿ ಹೊರಟುಹೋದಳು.

ಹೀಗಿರುವಾಗ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ಹಳೆಯ ಫೋಟೋ ಹಿಡಿದು ಬಂದರು. ಗಂಡನದು. ಮಗಳು ತೊಟ್ಟಿಲಲ್ಲಿರುವಾಗಲೇ ಆತ ತೀರಿಕೊಂಡಿದ್ದ. ಇದ್ದದ್ದು ಇದೊಂದೇ ಚಿತ್ರ. ತೇವ ತಾಗಿ ಅಲ್ಲಲ್ಲಿ ಕಲೆ ಬಿದ್ದಿತ್ತು.

"ಕಣ್ಣು ಮಂಜಾಗ್ತಾ ಇದೆ ಕಣಪ್ಪ. ಇದನ್ನ ಸ್ವಲ್ಪ ದೊಡ್ಡದು ಮಾಡ್ಕೊಡು, ಸಾಕು."

ಸಾಕು ಎಂದರೆ ಕೇಳುವ ಆಸಾಮಿಯೇ ಅವನು? ಫೋಟೋವನ್ನು ಸ್ಕ್ಯಾನ್ ಮಾಡಿ ತನ್ನ ಪ್ರೋಗ್ರಾಮಿಗೆ ತುಂಬಿಸಿದ. ‘ಕಲೆ ತೆಗೆ’ ಎಂದು ಆಜ್ಞೆ ಕೊಟ್ಟ. ಅದರ ಲೆಕ್ಕದಲ್ಲಿ ಸುತ್ತಲೂ ತಿಳಿಯಾಗಿದ್ದು ನಡುವೆ ಕಪ್ಪಾಗಿರುವುದೆಲ್ಲ ಕಲೆ. ಪ್ರೋಗ್ರಾಮು ಹುಡುಕಿ ಹುಡುಕಿ ಅಳಿಸಿತು. ‘ಮೂಲ’ವನ್ನೂ ‘ಹೊಸದ’ನ್ನೂ ಸೇರಿಸಿ ಒಂದೇ ಫೈಲಿನಲ್ಲಿ ಉಳಿಸಿಕೊಂಡ. ಇನ್ನು ಸ್ಕ್ಯಾನರಿನ ಫೈಲು ಯಾಕೆ ಎಂದು ಅದನ್ನು ಅಳಿಸಿ ಕಂಪ್ಯೂಟರಿನ ಕಸದ ತೊಟ್ಟಿಯನ್ನೂ ಖಾಲಿ ಮಾಡಿದ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಅಂಕಿಗೆ ಹಿಡಿಯುವುದಿಲ್ಲ ಎಂಬ ತತ್ವವೊಂದನ್ನು ಆಗಲೇ ಕಂಡುಹಿಡಿದು, ಹಳೆಯ ಫೋಟೋವನ್ನು ಹರಿದು ಬೀದಿಯ ಕಸದ ಗಾಡಿಗೆ ಹಾಕಿದ. ಇಂಥವರನ್ನು ನೋಡಿದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಹೊಸ ಫೋಟೋಗೆ ಗಾಜು ಹಾಕಿಸಿ ತಂದು ಗೋಡೆಗೆ ಒರಗಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ. ಯಾರಪ್ಪ ಇದು?"

"ಯಾರು ಅಂದ್ರೆ! ನಮ್ಮ ಮಾವ!"

"ಅಪ್ಪನ ಕೆನ್ನೆ ಮೇಲೆ ಒಂದು ಮಚ್ಚೆ ಇತ್ತಲ್ರೀ, ಅದೆಲ್ಲಿ?" ಎಂದಳು ಹೆಂಡತಿ. ನಗುವಾಗ ಕಣ್ಣಂಚಿನಲ್ಲಿ ಬೀಳುತ್ತಿದ್ದ ಗೆರೆಗಳೂ ಇರಲಿಲ್ಲ. ಅಂಗಡಿಯ ಬೊಂಬೆಯಂಥ ಮುಖವೊಂದು ಗಾಜಿನ ಹಿಂದೆ ಕೂತಿತ್ತು.

"ಅಷ್ಟೇ ತಾನೆ? ಹಳೇದು ಭದ್ರವಾಗಿದೆ" ಎಂದು ಲ್ಯಾಪ್‌ಟಾಪ್ ತೆರೆದು ‘ಮೂಲ’ ಒತ್ತಿದ. ಬೊಂಬೆಯೇ ಬಂತು. ಮತ್ತೆ ಒತ್ತಿದ. ಬೊಂಬೆ ಕದಲಲಿಲ್ಲ. ತಾನು ಬರೆದ ಪ್ರೋಗ್ರಾಮನ್ನು ತೆರೆದು ನಕಲು ತೆಗೆಯುವ ಆ ಒಂದು ಸಾಲನ್ನು ಓದಿದ. ಮುಖದ ನೀರಿಳಿಯಿತು.

"ಆ ಕಾಗದದ ಫೋಟೋ ಕೊಡಿ" ಎಂದಳು ಹೆಂಡತಿ.

ಅವನು ಕಿಟಕಿಯಾಚೆ ಬೀದಿಯ ಕಡೆ ನೋಡಿದ. ಅವಳಿಗೆ ಅರ್ಥವಾಯಿತು. ಅವಳು ಗೋಡೆಯ ಕಡೆ ತಿರುಗಿದಳು.

ಅತ್ತೆ ಕೂಗಾಡಲಿಲ್ಲ. ಮಗಳ ಕನ್ನಡಿ ಮೇಜಿನಿಂದ ಹುಬ್ಬು ತೀಡುವ ಪೆನ್ಸಿಲ್ ತಂದರು. "ಹೋಗ್ಲಿ ಬಿಡು, ಮಚ್ಚೆ ನಾನೇ ಇಡ್ತೀನಿ" ಎಂದು ಗಾಜಿನ ಮುಂದೆ ಕೂತರು. ಕೈ ಎಡಗೆನ್ನೆಯ ಹತ್ತಿರ ಹೋಯಿತು, ನಿಂತಿತು. ಬಲಗೆನ್ನೆಗೆ ಬಂತು, ಅಲ್ಲೂ ನಿಂತಿತು. ಗಂಡನ ಜೊತೆ ಬಾಳಿದ್ದು ಸ್ವಲ್ಪ ಕಾಲ, ಫೋಟೋದ ಜೊತೆ ಬಾಳಿದ್ದು ಆಮೇಲಿನ ಬದುಕೆಲ್ಲ. ಫೋಟೋ ಇರುವವರೆಗೆ ಆ ಮಚ್ಚೆಯನ್ನು ಅವರು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಮಗಳನ್ನು ನೋಡಿದರು. ಅವಳೂ ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಅತ್ತೆ ಅಳಿಯನ ಕಡೆ ತಿರುಗಿದರು. "ಕೊನೇಲಿ ನೋಡಿದವನು ನೀನೇ ಅಲ್ವೇನಪ್ಪ. ಯಾವ ಕೆನ್ನೆ ಮೇಲಿತ್ತು?"

ಡಬ್ಬಿರಾಯ ಕಣ್ಣು ಮುಚ್ಚಿ ಹುಡುಕಿದ. ಚಿತ್ರದ ಅಗಲ ನೆನಪಿತ್ತು, ಎತ್ತರ ನೆನಪಿತ್ತು, ಅರೇಯ ಉದ್ದವೂ ನೆನಪಿತ್ತು.

"ನಾನು ಮುಖ ನೋಡ್ಲಿಲ್ಲ ಅತ್ತೆ" ಎಂದ.

ಅತ್ತೆ ಪೆನ್ಸಿಲ್ಲನ್ನು ಅವನ ಕೈಗಿಟ್ಟು ಎದ್ದು ಒಳಗೆ ಹೋದರು.