ಮೌಶಿಯ ಬೆಟ್ಟದ ಮನೆ

ಮೌಶಿಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಬಲಗಿವಿಯಲ್ಲಿ ಮುತ್ತಿನ ಓಲೆ, ಎಡಗಿವಿಯಲ್ಲಿ ಬರೀ ಸೀಳು. ಮೊದಲ ಸಲ ನೋಡಿದವರ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅವರು ಕೇಳುವ ಮೊದಲೇ ಮೌಶಿ ಹೇಳಿಬಿಡುತ್ತಿದ್ದರು: “ಮುಸುವ ಕಿತ್ಕೊಂಡ ಹೋತ್ರಿ. ಅದರ ಕಣ್ಣಿಗಿ ಛಂದ ಕಂಡಿತ್ತು, ತಗೊಂಡ ಹೋತು. ಈಗ ಯಾವ ಗಿಡದಾಗ ಹಾಕ್ಕೊಂಡು ಕುಂತೈತೋ!” ಹೊಲಿಗೆ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಒಂದೇ ಓಲೆಯಲ್ಲಿ ಮದುವೆ ಮನೆಗಳಿಗೂ ಹೋಗಿ ಬರುತ್ತಿದ್ದರು.

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಅವರದು. ನೆಂಟರಲ್ಲ, ಆದರೂ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. ಮೂಲ ವಿಜಯಪುರದ ಕಡೆ. ಯಜಮಾನರು ಸರ್ಕಾರಿ ಕಾರ್ಖಾನೆಯ ನೌಕರಿ ಮುಗಿಸಿ, ಪಿಂಚಣಿಯನ್ನು ಬಹಳ ಕಾಲ ಉಣ್ಣದೆ ತೀರಿಹೋಗಿದ್ದರು. ತರಕಾರಿ ಗಾಡಿಯವನ ಜೊತೆ ತೆಲುಗು, ವಾಚ್‌ಮನ್ ಜೊತೆ ಹಿಂದಿ, ನಮ್ಮ ಹೊಸ್ತಿಲು ದಾಟಿದರೆ ಮಾತ್ರ ಊರಿನ ಕನ್ನಡ. “ನಾಲಿಗಿ ಸಡ್ಲ ಬಿಡಾಕ ನನಗ ನಿಮ್ಮ ಮನಿ ಒಂದ ಐತಿ ನೋಡ ತಂಗಿ” ಎನ್ನುತ್ತ ಬಂದು ಕೂರುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಲೇ ಅವರ ಬಾಗಿಲಿಗೆ ಬೀಗ ಬೀಳುತ್ತಿತ್ತು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಎರಡು ಸೀರೆ ಚೀಲಕ್ಕೆ ತುರುಕಿ ಬೆಟ್ಟಕ್ಕೆ ಹೊರಡುತ್ತಿದ್ದರು. ಅಚ್ಚಂಪೇಟೆ ದಾಟಿ, ನಲ್ಲಮಲ ಕಾಡಿನ ಅಂಚಿಗೆ, ಗುಡ್ಡದ ಮೇಲೆ ಅವರ ಯಜಮಾನರ ತೆಲುಗು ಗೆಳೆಯರೊಬ್ಬರ ಸೀತಾಫಲದ ತೋಟ. ತೋಟದಲ್ಲಿ ಒಂದೇ ಕೋಣೆಯ ಕಲ್ಲಿನ ಮನೆ. ಬೇಸಿಗೆಯಲ್ಲಿ ಅಲ್ಲಿ ಯಾರೂ ಇರುವುದಿಲ್ಲವೆಂದು ಆ ಗೆಳೆಯರು ಅದರ ಬೀಗದ ಕೈಯನ್ನು ಮೌಶಿಗೇ ಕೊಟ್ಟಿದ್ದರು.

ಒಂದು ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ, ಬೇಗಂಪೇಟೆಯಲ್ಲಿ ನಮ್ಮ ಸ್ಕೂಟರಿಗೆ ಹಿಂದಿನಿಂದ ಲಾರಿ ಬಡಿಯಿತು. ನನ್ನ ಗಂಡನ ಹೆಗಲ ಮೂಳೆ ಮುರಿಯಿತು. ನನಗೆ ತರಚಿದ ಗಾಯ ಅಷ್ಟೆ. ಅವರು ವಾಸಿಯಾಗಿ ಕೆಲಸಕ್ಕೂ ಹೋದರು. ನಾನು ಮಾತ್ರ ಗೇಟಿನವರೆಗೆ ಇಳಿದು ನಿಂತುಬಿಡುತ್ತಿದ್ದೆ. ಹಾರ್ನ್ ಕೇಳಿದರೆ ಮೆಟ್ಟಿಲು ಹತ್ತಿ ವಾಪಸು ಮನೆ ಸೇರುತ್ತಿದ್ದೆ. ಆಫೀಸಿನಲ್ಲಿ ರಜೆಯ ಮೇಲೆ ರಜೆ ಕೇಳಿ, ಇನ್ನು ಕೆಲಸವನ್ನೇ ಬಿಡುವುದೆಂದು ಮನಸ್ಸು ಮಾಡಿದ್ದೆ. ಬಂದವರೆಲ್ಲ ಧೈರ್ಯ ಹೇಳಿದರು, ತಾಯಿತ ತಂದರು. ಮೌಶಿ ಮಾತ್ರ ಒಂದು ಸಂಜೆ ಬಂದು, “ನಾಳೆ ಬೆಟ್ಟಕ್ಕ ಹೊಂಟೀನಿ. ನೀನೂ ಬಾ” ಎಂದರು.

ನನ್ನ ಗಂಡ ಗಾಬರಿಯಾದರು. “ಮೌಶಿ, ರಸ್ತಾಕ್ಕ ಅಂಜಾಕತ್ತಾಳ ಆಕಿ. ಕರಡಿ ಇರೋ ಕಡೆ ಕರ್ಕೊಂಡ ಹೋಗ್ತೀರಿ?”

“ತಮ್ಮಾ, ಕರಡಿಗಿ ಹಾರ್ನ್ ಇರೂದಿಲ್ಲ” ಎಂದರು ಮೌಶಿ.

ಬಸ್ ನಿಲ್ದಾಣ ಸೇರುವುದರೊಳಗೆ ನಾನು ಅವರ ಸೆರಗನ್ನು ಮುದ್ದೆ ಮಾಡಿಬಿಟ್ಟಿದ್ದೆ. ಆಗದು, ವಾಪಸು ಹೋಗೋಣ ಎಂದೆ. ಅವರು ಸೆರಗು ಬಿಡಿಸಿಕೊಳ್ಳಲಿಲ್ಲ. “ಅಂಜಿಕಿ ಬಂದ್ರ ಬರ್ಲಿ. ಅಂಜ್ಕೋತನ ಬಾ” ಎಂದು ಬಸ್ಸಿನ ಮೆಟ್ಟಿಲು ಹತ್ತಿದರು. ಸೆರಗಿನ ತುದಿ ನನ್ನ ಕೈಯಲ್ಲಿತ್ತು. ನಾನೂ ಹತ್ತಿದೆ.

ಆ ಬೆಟ್ಟದಲ್ಲಿ ಬೇಸಿಗೆ ಇನ್ನೂ ಎಳೆಯದು. ಬೆಳಿಗ್ಗೆ ಹೊದಿಕೆ ಬೇಕೆನಿಸುವ ಚಳಿ, ಮಧ್ಯಾಹ್ನ ಕಲ್ಲು ಕಾಯುವ ಬಿಸಿಲು. ಎಲೆ ಉದುರಿ ಬೋಳಾದ ಕಾಡಿನ ನಡುವೆ ಮುತ್ತುಗದ ಮರಗಳು ಕೆಂಡದ ಹಾಗೆ ಹೂ ಬಿಟ್ಟಿದ್ದವು. ಇಪ್ಪೆಯ ಹೂ ಬಿದ್ದು ಅಂಗಳವೆಲ್ಲ ಅಮಲಿನ ವಾಸನೆ. ಉದ್ದ ಬಾಲದ ಬಿಳಿಯ ರಾಜಹಕ್ಕಿಯೊಂದು ಕೈಪಂಪಿನ ಕೆಳಗಿನ ಕೆಸರಿಗೆ ಬಂದು ಮಿಂದು ಹೋಗುತ್ತಿತ್ತು. ಸಂಜೆ ಕಣಿವೆಯಲ್ಲಿ ನಾಯಿ ಬೊಗಳಿದಂತಾದರೆ, “ಅದು ನಾಯಿ ಅಲ್ಲ, ಕಾಡುಕುರಿ” ಎನ್ನುತ್ತಿದ್ದರು ಮೌಶಿ.

ಎದ್ದ ಕೂಡಲೇ ಅವರು ಅಂಗಳದಾಚೆಯ ಕಲ್ಲಿನ ದೋಣಿಗೆ ಪ್ರಾಣಿ-ಪಕ್ಷಿಗಳು ಕುಡಿಯಲೆಂದು ನೀರು ತುಂಬಿಸಬೇಕು. ಚಹಾ ಅದರ ನಂತರ. ಪ್ರಾಣಿಗಳನ್ನೆಲ್ಲ ಊರ ಜನರ ಹಾಗೆ ಮಾತಾಡಿಸುತ್ತಿದ್ದರು. ನವಿಲಿಗೆ “ಏನ್ರಿ ದೇಸಾಯ್ರ, ತಡಾ ಮಾಡಿದ್ರಿ?” ಮುಂಗುಸಿಗೆ “ಸಾವಕಾಶ ಹೋಗೋ, ಯಾರೂ ಬೆನ್ನ ಹತ್ತಿಲ್ಲ.” ಬೆಟ್ಟ ಹತ್ತಿದ ಮೇಲೆ ಕರಡಿಯ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ, “ದೊಡ್ಡವ್ರು” ಎನ್ನುತ್ತಿದ್ದರು. ದೊಡ್ಡವರು ಇಪ್ಪೆ ಹೂ ತಿನ್ನಲು ಬರುವ ಹೊತ್ತಿಗೆ ನಾವು ಬಾಗಿಲು ಹಾಕಿಕೊಂಡು ಒಳಗಿರಬೇಕು. ಅದು ಆ ಮನೆಯ ಕಾನೂನು.

ಒಂದು ಮುಂಜಾನೆ ಮಗು ಅಳುವಂಥ ದನಿಗೆ ಎಚ್ಚರವಾಯಿತು. ಮನೆಯ ಹಿಂದೆ, ತೋಟಕ್ಕೆ ನೀರು ಕಟ್ಟಲು ಎಂದೋ ಕಟ್ಟಿಸಿದ ಕಲ್ಲಿನ ಹೊಂಡವಿತ್ತು. ನೆಟ್ಟಗಿನ ಗೋಡೆ, ತಳದಲ್ಲಿ ಮೊಣಕಾಲುದ್ದ ನೀರು. ಹಿಂದಿನ ಕಿಟಕಿಯಿಂದ ನೋಡಿದರೆ, ಅದರ ದಂಡೆಯ ಮೇಲೆ ದೊಡ್ಡ ಕರಡಿಯೊಂದು ಸುತ್ತು ಹಾಕುತ್ತಿತ್ತು. ನೀರು ಕುಡಿಯಲು ಬಗ್ಗಿ ಅದರ ಮರಿ ಒಳಗೆ ಬಿದ್ದಿತ್ತು.

ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಅರಣ್ಯದವರ ಚೌಕಿ ಗುಡ್ಡದ ಕೆಳಗೆ, ದಾರಿ ಆ ಹೊಂಡದ ಪಕ್ಕದಿಂದಲೇ. ಬಿಸಿಲು ಏರಿತು. ಮರಿಯ ದನಿ ಸಣ್ಣದಾಗತೊಡಗಿತು. ತಾಯಿ ಸೋತು ದೂರದ ಇಪ್ಪೆ ಮರದ ಬುಡಕ್ಕೆ ಹೋಗಿ ಕೂತಿತು. ಮನೆಯ ಹಿಂಗೋಡೆಗೆ ಬಿದಿರಿನ ಉದ್ದನೆಯ ಏಣಿಯೊಂದು ಒರಗಿತ್ತು. ಮೌಶಿ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಒಬ್ಬಾಕಿಗಿ ಎತ್ತಾಕ ಆಗೂದಿಲ್ಲ ತಂಗಿ. ನೀ ಒಲ್ಲೆ ಅಂದ್ರ ಒತ್ತಾಯ ಇಲ್ಲ.”

“ಮೈಮ್ಯಾಲ ಬಂದ್ರ, ಮೌಶಿ?”

“ಏಣಿ ಅಲ್ಲೇ ಬಿಟ್ಟು ಹಿಂದಕ್ಕ ಸರಿಯೂದು. ಓಡೂದಿಲ್ಲ. ಬೆನ್ನ ತೋರ್ಸೂದಿಲ್ಲ.”

ಹೂಂ ಎಂದೆನೋ, ತಲೆಯಾಡಿಸಿದೆನೋ ನೆನಪಿಲ್ಲ. ಏಣಿಯ ಹಿಂತುದಿ ನನ್ನ ಹೆಗಲ ಮೇಲಿತ್ತು. ಹೊಂಡದ ದಂಡೆ ಸೇರಿ ಇಣುಕಿದೆವು. ಒಳಗೆ ಮರಿ ಮೂಲೆಗೆ ಅಂಟಿಕೊಂಡು, ನೆಂದ ಕಂಬಳಿಯ ಹಾಗೆ ಕಾಣುತ್ತಿತ್ತು. ಏಣಿ ಇಳಿಸುವಾಗ ಬಿದಿರು ಕಲ್ಲಿಗೆ ಬಡಿದು ಸದ್ದಾಯಿತು. ಅಷ್ಟೇ ಸಾಕಾಯಿತು. ಮರದ ಬುಡದಿಂದ ತಾಯಿ ಗುರುಗುಟ್ಟುತ್ತ ನಮ್ಮತ್ತ ನುಗ್ಗಿತು.

ಮೌಶಿ ನನ್ನ ಮುಂದೆ ಬಂದು ನಿಂತರು. ದನಿ ಏರಿಸಲಿಲ್ಲ. ಬಾಣಂತಿಯ ಹತ್ತಿರ ಮಾತಾಡಿದಂತೆ, “ಆತವಾ, ಆತು. ನಿನ್ನ ಕೂಸಿಗಿ ಏನೂ ಮಾಡಿಲ್ಲ. ಹೋಗ್ತೀವಿ, ಹೋಗ್ತೀವಿ” ಎನ್ನುತ್ತ ಒಂದೊಂದೇ ಹೆಜ್ಜೆ ಹಿಂದಿಟ್ಟರು. ಅವರ ಬೆನ್ನು ನನಗೆ ತಾಗಿದಂತೆಲ್ಲ ನಾನೂ ಹಿಂದಿಟ್ಟೆ. ಕರಡಿ ಹೊಂಡದ ಆಚೆ ದಂಡೆಗೆ ಬಂದು ನಿಂತಿತು. ಹಿಂಗಾಲ ಮೇಲೆ ಎದ್ದು ನಿಂತು ಮೂಸಿ ನೋಡಿತು. ನಾವು ಬಾಗಿಲು ಸೇರಿ ಅಗುಳಿ ಹಾಕಿಕೊಂಡೆವು.

ಕಿಟಕಿಯಿಂದ ನೋಡುತ್ತ ಕೂತೆವು. ಮರಿ ಒಮ್ಮೆ ಏಣಿ ಹತ್ತಿ, ಜಾರಿ ಬಿದ್ದ ಸದ್ದಾಯಿತು. ತಾಯಿ ಬಗ್ಗಿ ಕರೆಯಿತು. ಬಹಳ ಹೊತ್ತಿನ ಮೇಲೆ ದಂಡೆಯಲ್ಲಿ ಎರಡು ಕಿವಿ ಕಂಡವು. ತಾಯಿ ಅದನ್ನು ನೆಕ್ಕಲೂ ನಿಲ್ಲದೆ ಬೆನ್ನಿಗೆ ಹತ್ತಿಸಿಕೊಂಡು ಮುತ್ತುಗದ ಮರಗಳ ಕಡೆ ನಡೆದುಬಿಟ್ಟಿತು.

ಮೌಶಿ ಚಹಾಕ್ಕೆ ಇಟ್ಟರು. ಸೋಸುವಾಗ ಚಹಾವೆಲ್ಲ ಲೋಟ ತಪ್ಪಿ ಕಟ್ಟೆಯ ಮೇಲೆ ಚೆಲ್ಲಿತು. ನಾನು ಪಾತ್ರೆ ಇಸಿದುಕೊಂಡೆ.

“ನಿಮಗೂ ಅಂಜಿಕಿ ಬಂದಿತ್ತೇನ್ರಿ?”

“ಬರ್ಲಾರದ ಏನು? ನಾ ಏನ್ ಕಲ್ಲೇನು?” ಎಂದು ನೆಲದ ಮೇಲೆ ಕೂತರು. ಆಮೇಲೆ ಹೇಳಿದರು: ಯಜಮಾನರು ಹೋದ ಮೊದಲ ಬೇಸಿಗೆಯಲ್ಲಿ ಒಬ್ಬರೇ ಇಲ್ಲಿಗೆ ಬಂದು, ಎಲೆ ಅಲ್ಲಾಡಿದರೂ ಹೆದರಿ, ಮರುದಿನವೇ ಹೈದರಾಬಾದಿಗೆ ಓಡಿಹೋಗಿದ್ದರಂತೆ. ಮನೆಗೆ ಹೋದರೆ ಅಲ್ಲಿಯೂ ಅದೇ ಹೆದರಿಕೆ. “ಎಲ್ಲಿದ್ರೂ ಅಂಜೂದ ಅಂದ ಮ್ಯಾಲ, ಛಂದನ್ನ ಜಾಗಾದಾಗ ಕುಂತಾದ್ರೂ ಅಂಜೂಣು ಅಂತ ತಿರುಗಿ ಬಂದೆ.” ಹೇಳುತ್ತ ನಕ್ಕರು. ನಾನೂ ನಕ್ಕೆ. ಅಪಘಾತವಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಏಣಿಯನ್ನು ಹೊಂಡದಿಂದ ತೆಗೆಯಲೇ ಇಲ್ಲ. ಅದರ ಕಾಲಿಗೆ ಕಲ್ಲು ಒತ್ತಿಸಿ ಭದ್ರ ಮಾಡಿ ಬಂದೆವು.

ಯುಗಾದಿಗೆ ಮೊದಲು ಇಬ್ಬರೂ ಹೈದರಾಬಾದಿಗೆ ಮರಳಿದೆವು. ಭಯ ಹೋಯಿತೆಂದು ಹೇಳಲಾರೆ. ಮೌಶಿ ಕೆಲವು ದಿನ ನನ್ನ ಜೊತೆ ಮೆಟ್ರೋ ನಿಲ್ದಾಣದವರೆಗೆ ನಡೆದು ಬಂದರು, ಆಮೇಲೆ ಗೇಟಿನವರೆಗೆ, ಆಮೇಲೆ ತಮ್ಮ ಬಾಗಿಲಲ್ಲೇ ನಿಂತು ಕೈ ಬೀಸಿದರು. ಕೆಲಸ ಬಿಡಲಿಲ್ಲ. ಇವತ್ತಿಗೂ ಅದೇ ಆಫೀಸಿನಲ್ಲಿದ್ದೇನೆ.

ಕಳೆದ ಚಳಿಗಾಲದಲ್ಲಿ ಅವರ ಶ್ವಾಸಕೋಶ ಕೆಟ್ಟಿತು. ಶಿವರಾತ್ರಿ ಬಂದರೂ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಒಂದು ದಿನ ಕಿಟಕಿಯ ಬಿಸಿಲು ನೋಡುತ್ತ, “ಬೆಟ್ಟದಾಗ ಈಗ ಏನ್ ನಡದೈತೋ” ಎಂದರು. ಆ ವಾರವೇ ನಾನು ಹೋದೆ. ಎರಡು ದಿನ ಇದ್ದು, ಬಂದವಳೇ ಅವರ ಮಂಚದ ಪಕ್ಕ ಕೂತೆ.

ಹೂ ಎಷ್ಟು ಉದುರಿದೆ, ಯಾವ ಮರ ಚಿಗುರಿದೆ, ಎಲ್ಲ ಹೇಳಿದೆ. ಹಳೆಯ ಆಲದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಒಳಗೆ ಮೊಟ್ಟೆಗೆ ಕೂತಿದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ಕೊಟ್ಟು ಹೋಗುತ್ತದೆ ಎಂದೆ.

“ಗಂಡು ಬಿಡಲಾರದ ಬರಾಕತ್ತೈತಿ?”

“ಬರಾಕತ್ತೈತ್ರಿ. ಮುಂಜಾನಿಯಿಂದ ಕುಂತು ನೋಡೀನಿ.”

ಏನೋ ಹೊಳೆದಂತೆ ನನ್ನ ಕಡೆ ತಿರುಗಿದರು.

“ಯಾರ್ ಬಂದಿದ್ರು ನಿನ್ನ ಸಂಗಾಟ?”

“ಯಾರೂ ಇಲ್ಲ ಮೌಶಿ. ನಾ ಒಬ್ಬಾಕಿನ ಹೋಗಿದ್ದೆ.”

ಅವರು ನನ್ನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಯುಗಾದಿಯ ಹಿಂದಿನ ವಾರ ತೀರಿಕೊಂಡರು.

ಚಿಕ್ಕವಳಿದ್ದಾಗ ನನಗೆ ರಸ್ತೆ ದಾಟುವುದನ್ನು ಕಲಿಸಿದ್ದು ಅಪ್ಪ. ಎರಡನೆಯ ಸಲ ಕಲಿಸಿದ್ದು ಮೌಶಿ.