ಒಂದೇ ಎಲುಬಿಗೆ ಎರಡು ಅಳತೆ

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಜನರ ಎಲುಬುಗಳ ಚಿತ್ರ ತೆಗೆದವನು. ಈ ಊರಿನ ಎಷ್ಟೋ ಮಂದಿಯನ್ನು ಮುಖ ನೋಡಿ ಗುರುತಿಸಲಾರೆ. ಮೊಣಕಾಲು ತೋರಿಸಿದರೆ ಒಂದು ಪ್ರಯತ್ನ ಮಾಡಬಹುದು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು. ಅಂದಿನಿಂದ ಎಕ್ಸ್-ರೇ ವಿಜ್ಞಾನವು ನನ್ನ ಅಪ್ಪಣೆ ಕೇಳದೆ ಮುಂದೆ ಹೋಗುತ್ತಿದೆ.

ಎಷ್ಟು ಮುಂದೆ ಹೋಗಿದೆ ಎಂದು ತಿಳಿದದ್ದು ಅಕ್ಕನ ಸೊಂಟದ ಕೀಲು ಬದಲಿಸಬೇಕೆಂಬ ಮಾತು ಬಂದಾಗ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಮದುವೆಯಾದಾಗಿನಿಂದ ಕಮಲಾಪುರದವಳು. ಬಲಗಡೆಯ ಕೀಲು ಸವೆದು ಆ ಕಾಲು ಗಿಡ್ಡವಾಗಿತ್ತು. ಹಿಮ್ಮಡಿ ನೆಲಕ್ಕೆ ಮುಟ್ಟದೆ ಎಷ್ಟೋ ವರ್ಷವಾಗಿತ್ತು. ಅವಳ ಬೇಡಿಕೆ ಒಂದೇ.

"ನೋವು ಸ್ವಲ್ಪ ಉಳದ್ರ ಉಳೀಲಿ ತಮ್ಮಾ. ನಂಗ ಎರಡೂ ಕಾಲು ಸಮ ಬೇಕು. ಓಣ್ಯಾಗ ನಾ ಹೊಂಟ್ರ ಟಕ್-ಟುಕ್ ಸಪ್ಪಳಾ ಕೇಳಿ ಕಣ್ಣು ಮುಚ್ಚಿ ಹೇಳ್ತಾರ, ಗಡಿಯಾರ ಬಂತು ಅಂತ."

ಸ್ಟೇಶನ್ ಬಜಾರದ ಆಚೆಗಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಲುಬಿನ ಡಾಕ್ಟರು ಸಿಕ್ಕರು. ನಮ್ಮ ಕಡೆಯವರೇ, ವಯಸ್ಸು ಚಿಕ್ಕದು, ಕೈ ಒಳ್ಳೆಯದೆಂದು ಹೆಸರು. ಅವರು ಮೊದಲು ಕಂಪ್ಯೂಟರಿನಲ್ಲಿ ಆಪರೇಶನ್ ಮಾಡಿ, ಆಮೇಲೆ ಮನುಷ್ಯನಿಗೆ ಮಾಡುತ್ತಾರಂತೆ. ಅದಕ್ಕೆ ಒಂದು ಎಕ್ಸ್-ರೇ ಬೇಕು, ಮತ್ತು ಚಿತ್ರ ತೆಗೆಯುವಾಗ ತೊಡೆಯ ಪಕ್ಕದಲ್ಲಿ ಉಕ್ಕಿನ ಒಂದು ಗುಂಡು ಇರಬೇಕು ಎಂದರು. ಎಲುಬು ಎಷ್ಟು ದೊಡ್ಡದೆಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಅಳತೆ ಗೊತ್ತಿರುವ ಒಂದು ವಸ್ತು ಪಕ್ಕದಲ್ಲಿದ್ದರೆ ಅದನ್ನು ನೋಡಿ ಉಳಿದದ್ದನ್ನು ಅಳೆಯುತ್ತದೆ.

ಒಂದು ಚಿತ್ರಕ್ಕಾಗಿ ಅಕ್ಕನನ್ನು ಕಮಲಾಪುರದಿಂದ ಕುಲುಕಾಡಿಸಿಕೊಂಡು ತರುವುದು ನನಗೆ ಸರಿ ಕಾಣಲಿಲ್ಲ. ಇಡೀ ಜೀವಮಾನದ ಅನುಭವವನ್ನು ದನಿಗೆ ತಂದುಕೊಂಡು ಹೇಳಿದೆ: "ಕಮಲಾಪುರದಾಗೇ ತೆಗಸ್ತೀನ್ರಿ. ಗುಂಡು ಇಲ್ದಿದ್ರ ಏನಾತು, ಹೊಸದೊಂದು ರೂಪಾಯಿ ನಾಣ್ಯ ಅಂಟಿಸಿದ್ರ ಮುಗೀತು. ಸರ್ಕಾರದ ಅಳತಿ, ಎಲ್ಲಾ ಕಡಿ ಒಂದೇ."

ಡಾಕ್ಟರು ತುಸು ಯೋಚಿಸಿ ಒಪ್ಪಿದರು. ಕಮಲಾಪುರದ ಎಕ್ಸ್-ರೇ ಅಂಗಡಿಯ ಹೆಣ್ಣುಮಗಳಿಗೆ ನಾನು ಫೋನಿನಲ್ಲಿ ಕಾಲು ಗಂಟೆ ಉಪದೇಶ ಮಾಡಿದೆ. ಹೊಸ ನಾಣ್ಯ, ತೊಡೆಯ ಹೊರಮಗ್ಗುಲು, ಎಲುಬಿನ ಎತ್ತರಕ್ಕೇ. ಆಕೆ ಪ್ರತಿ ವಾಕ್ಯಕ್ಕೂ "ಆಯ್ತ್ರಿ ಸರ್" ಎಂದಳು. ಚಿತ್ರ ಬಂತು. ಡಾಕ್ಟರು ಕೀಲಿನ ಸೈಜು ಗೊತ್ತುಮಾಡಿ ಹೈದರಾಬಾದಿನಿಂದ ಕೀಲು ತರಿಸಿಟ್ಟರು. ಅಕ್ಕ ಬಂದು ಭರ್ತಿಯಾದಳು. ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಸಿಟಿ ಸ್ಕ್ಯಾನ್ ಆಯಿತು. ಆಗ ಡಾಕ್ಟರು ನನ್ನನ್ನು ಒಳಗೆ ಕರೆದು, "ಬರ್ರಿ ಸರ್, ನೀವು ಹಳೇ ಉಸ್ತಾದರು, ನಮ್ಮ ಪ್ಲಾನಿಂಗ್ ನೋಡ್ರಿ" ಎಂದರು.

ಪರದೆಯ ಮೇಲೆ ನಾಲ್ಕು ಚೌಕ. ಒಂದರಲ್ಲಿ ಕಮಲಾಪುರದ ಎಕ್ಸ್-ರೇ, ಅದರ ಬಲಕ್ಕೆ ಆ ಬೆಳಗಿನ ಸ್ಕ್ಯಾನ್, ಕೆಳಗಡೆ ಅದೇ ಸ್ಕ್ಯಾನು ಅಡ್ಡಲಾಗಿ ಕೊಯ್ದ ಹಾಗೆ, ಕೊನೆಯದರಲ್ಲಿ ಅಕ್ಕನ ಸೊಂಟ ಬುಗುರಿಯಂತೆ ತಿರುಗುತ್ತಿತ್ತು. ದರ್ಜಿಯವನು ಅರಿವೆಯ ಮೇಲೆ ಕಾಗದದ ನಮೂನೆ ಇಟ್ಟು ನೋಡುವಂತೆ, ಡಾಕ್ಟರು ಹೊಸ ಕೀಲಿನ ಗೆರೆಚಿತ್ರವನ್ನು ಎಳೆದು ತಂದು ಎಲುಬಿನೊಳಗೆ ಕೂಡಿಸಿ ತೋರಿಸಿದರು. ರಕ್ತವಿಲ್ಲ, ಅರಿವಳಿಕೆಯಿಲ್ಲ. ಪಕ್ಕದಲ್ಲಿ ಚಹಾದ ಕಪ್ಪು.

ನೋಡುತ್ತ ನೋಡುತ್ತ ನನ್ನ ಕತ್ತಲೆಕೋಣೆ ನೆನಪಾಯಿತು. ಕೆಂಪು ಬಲ್ಬು, ಹುಳಿಹುಳಿ ವಾಸನೆಯ ನೀರು, ಅದರೊಳಗೆ ನಿಧಾನಕ್ಕೆ ಮೂಡುವ ಪಕ್ಕೆಲುಬು. ಹಸಿ ಫಿಲ್ಮುಗಳನ್ನು ಹಿತ್ತಲಿನ ತಂತಿಗೆ ಕ್ಲಿಪ್ಪು ಹಾಕಿ ಒಣಹಾಕುತ್ತಿದ್ದೆ. ಗಾಳಿ ಬಂದರೆ ಊರಿನ ಮುರಿದ ಕೈಕಾಲುಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಗ್ರಹಣದ ದಿನ ಸುತ್ತಲಿನ ಓಣಿಯವರೆಲ್ಲ ಕೆಟ್ಟ ಫಿಲ್ಮು ಬೇಡಲು ಬರುತ್ತಿದ್ದರು. ಕಣ್ಣಿಗೆ ಅದು ಒಳ್ಳೆಯದಲ್ಲ ಎಂದು ಈಗ ಹೇಳುತ್ತಾರೆ. ಆಗ ಎಲ್ಲರೂ ಯಾರದೋ ಎದೆಗೂಡಿನ ಮೂಲಕ ಸೂರ್ಯನನ್ನು ನೋಡಿ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ಅಕ್ಕ ಹದಿನೈದು ದಿನಕ್ಕೊಮ್ಮೆ ಕಮಲಾಪುರದ ಬಸ್ಸಿಗೆ ಬುತ್ತಿ ಗಂಟು ತರುತ್ತಿದ್ದಳು, ಜೊತೆಗೆ ಅವರ ತೋಟದ ಕೆಂಪು ಬಾಳೆಹಣ್ಣು. ಕತ್ತಲೆಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುವಾಗ ತೆರೆಯಬಾರದೆಂದು ನೂರು ಸಲ ಹೇಳಿದ್ದೆ. ಒಂದು ದಿನ ತೆರೆದೇಬಿಟ್ಟಳು. ಬೆಳಕು ಬಿದ್ದು ಐದು ಫಿಲ್ಮು ಕಪ್ಪಾದವು. "ರೊಟ್ಟಿ ಆರಾಕತ್ತಿದ್ವು" ಎಂಬುದು ಆಕೆಯ ಸಮಜಾಯಿಷಿ. ಐದು ಮಂದಿ ರೋಗಿಗಳನ್ನು ಮತ್ತೆ ಮಲಗಿಸುವ ಮೊದಲು ನಾನು ಆ ರೊಟ್ಟಿ ತಿಂದೆ, ಬಿಸಿಯಾಗಿಯೇ ಇದ್ದವು.

ನಮ್ಮ ಆಗಿನ ಸರ್ಜನರು ಟ್ಯೂಬ್‌ಲೈಟಿನ ಡಬ್ಬಿಯ ಮೇಲೆ ಹಳೆಯ ಫಿಲ್ಮು ಹೊಸ ಫಿಲ್ಮು ಎರಡನ್ನೂ ತೂಗುಹಾಕಿಸಿ, ಹೆಬ್ಬೆರಳು ನಡುಬೆರಳು ಚಾಚಿ ಇದರ ಮೇಲೊಮ್ಮೆ ಅದರ ಮೇಲೊಮ್ಮೆ ಇಟ್ಟು ನೋಡುತ್ತಿದ್ದರು. ಅವರಿಂದ ನನಗೂ ಅದೇ ಚಟ ಅಂಟಿತ್ತು. ಈಗಲೂ ಕೈ ತಾನೇ ಪರದೆಗೆ ಹೋಯಿತು.

"ಏನ್ ಮಾಡಾಕತ್ತೀರಿ ಸರ್?"

"ಅಳತಿ ನೋಡಾಕತ್ತೀನ್ರಿ."

"ಬೆರಳಿಲೆ?"

"ಮತ್ತೇನು ಹಗ್ಗ ತರ್ಲೇನ್ರಿ?"

ಡಾಕ್ಟರು ನಕ್ಕರು. "ಇಲ್ಲಿ ಅದು ನಡಿಯಂಗಿಲ್ರಿ. ಪ್ರತಿಯೊಂದು ಚಿತ್ರ ತನ್ನ ಚೌಕ ತುಂಬೋ ಹಾಂಗ ಹಿಗ್ಗತದ, ಕುಗ್ಗತದ. ಎಲ್ಲಾ ಒಂದೇ ಸೈಜು ಕಾಣ್ತಾವ."

"ಹಾಂಗಾದ್ರ ಬಾಜೂ ಬಾಜೂ ಇಟ್ಟು ಏನ್ ಬಂತ್ರಿ?"

"ತಡೀರಿ, ನಿಮ್ಮ ಸಮಾಧಾನಕ್ಕ ಎರಡೂ ಒಂದೇ ಅಳತಿಗೆ ಹಚ್ತೀನಿ" ಎಂದು ಡಾಕ್ಟರು ಎಲ್ಲೋ ಒತ್ತಿದರು.

ಎಡಚೌಕದ ಎಲುಬು ಇದ್ದಕ್ಕಿದ್ದಂತೆ ಕುಗ್ಗಿತು. ಎಡಚೌಕದ ಅಕ್ಕ ಸಣ್ಣವಳು, ಬಲಚೌಕದ ಅಕ್ಕ ದೊಡ್ಡವಳು. ಡಾಕ್ಟರ ನಗು ನಿಂತಿತು. ಎರಡೂ ಎಲುಬಿನ ಮೇಲೆ ಅಡ್ಡಗೆರೆ ಎಳೆದು ಅಳೆದರು, ಅಳಿಸಿ ಮತ್ತೆ ಎಳೆದರು.

"ಎರಡೂ ಒಂದೇ ಪೇಶಂಟಿನವು ಹೌದಲ್ರೀ?"

"ನಂಗ ಇರಾಕಿ ಒಬ್ಬಾಕೇ ಅಕ್ಕ ರೀ."

ಸ್ಕ್ಯಾನಿಗೆ ಗುಂಡಿನ ಹಂಗಿಲ್ಲ, ಅದರ ಅಳತೆ ಅದರಲ್ಲೇ ಇರುತ್ತದೆ. ಹಾಗಾದರೆ ಸುಳ್ಳು ಹೇಳುತ್ತಿರುವುದು ಎಕ್ಸ್-ರೇ. ಆ ಸುಳ್ಳನ್ನು ನಂಬಿ ತರಿಸಿದ ಕೀಲು ಎರಡು ಸೈಜು ಸಣ್ಣದು. ಅಂಥದನ್ನು ಕೂಡಿಸಿದರೆ ಎಲುಬಿನೊಳಗೆ ಸಡಿಲಾಗಿ ಕೆಳಗೆ ಇಳಿಯುತ್ತದೆ, ಕಾಲು ಮತ್ತೆ ಗಿಡ್ಡ. "ನಾಳೆ ಟೇಬಲ್ ಮ್ಯಾಲ ನಂಗ ಗೊತ್ತೇನೋ ಆಗ್ತಿತ್ರಿ" ಎಂದರು ಡಾಕ್ಟರು, ಮೆಲ್ಲಗೆ. "ಆದ್ರ ಕೊಯ್ದ ಮ್ಯಾಲ ದೊಡ್ಡ ಸೈಜು ಎಲ್ಲಿಂದ ತರ್ಲಿ?"

ಎಕ್ಸ್-ರೇಯ ಮೂಲೆಯಲ್ಲಿ ನನ್ನ ಸರ್ಕಾರದ ಅಳತೆ ಬೆಳ್ಳಗೆ ದುಂಡಗೆ ಕೂತಿತ್ತು. ಎಕ್ಸ್-ರೇಯಲ್ಲಿ ನಾಣ್ಯದ ಮೇಲಿನ ಅಚ್ಚು ಕಾಣುವುದಿಲ್ಲ, ಬರೀ ಬಿಳಿ ವೃತ್ತ. ಕಮಲಾಪುರಕ್ಕೆ ಫೋನು ಮಾಡಿದೆ.

"ನಾ ಹೊಸದೇ ಅಂಟಿಸೀನ್ರಿ ಸರ್, ಖರೇನ" ಎಂದಳು ಆ ಹೆಣ್ಣುಮಗಳು. "ಆದ್ರ ಅವತ್ತು ಸಂಜಿಮುಂದ ಕಸ ಹೊಡಿಯೋವಾಗ ಟೇಬಲ್ ಕೆಳಗ ಒಂದು ರೂಪಾಯಿ ಸಿಕ್ತು. ಯಾರದೋ ಏನೋ ಅಂತ ದೇವ್ರ ಮುಂದ ಇಟ್ಟೀನಿ."

ನಾನೂ ಡಾಕ್ಟರೂ ವಾರ್ಡಿಗೆ ನಡೆದೆವು. ಅಕ್ಕ ಮಂಚದ ಮೇಲೆ ಕೂತು, ಎಲೆ ಅಡಿಕೆಯ ಸಂಚಿಯನ್ನು ನರ್ಸಿನ ಕಣ್ಣಿಗೆ ಬೀಳದ ಹಾಗೆ ದಿಂಬಿನ ಕೆಳಗೆ ತಳ್ಳುತ್ತಿದ್ದಳು.

"ಅಕ್ಕಾ, ಫೋಟೋ ತೆಗಿಯೋವಾಗ ತೊಡಿಗೆ ಅಂಟಿಸಿದ ರೂಪಾಯಿ ಏನಾತು?"

"ಯಾವ ರೂಪಾಯಿ?"

"ಅಕ್ಕಾ..."

"ಮಗ್ಗಲಾ ಹೊಳ್ಳೋವಾಗ ಬಿತ್ತಪ್ಪಾ. ಆಕಿ ಗ್ವಾಡಿ ಹಿಂದ ಹೋಗಿ, ಅಳ್ಳಾಡಬ್ಯಾಡ್ರಿ ಅಂತ ಒದರಾಕತ್ತಿದ್ಲು. ಬಗ್ಗಿ ಎತ್ತಾಕ ನಂಗ ಬರ್ತದೇನು? ಸಂಚ್ಯಾಗಿಂದ ಒಂದು ತಗದು ಅದೇ ಅಂಟು ಪಟ್ಟಿಯೊಳಗ ಒತ್ತಿದೆ. ನಿನ್ನ ಕೆಲಸ ಕೆಡಬಾರ್ದು ಅಂತ! ಫೋಟೋ ಆದ ಮ್ಯಾಲ ತಿರಗಿ ಸಂಚಿಗೇ ಹಾಕ್ಕೊಂಡೆ."

"ಎಲ್ಲಿ, ತೋರ್ಸು."

ಸಂಚಿಯಿಂದ ಹೊರಬಂದದ್ದು ಹಳೆಯ ಕಾಲದ ಅಗಲ ರೂಪಾಯಿ. ಈಗಿನದಕ್ಕಿಂತ ಸುಮಾರು ಮೂರು ಮಿಲಿಮೀಟರು ದೊಡ್ಡದು.

"ಈಗಿನವು ಅಂಗಿ ಗುಂಡಿ ಇದ್ದಾಂಗ ಅವ, ಕೈಗೇ ಹತ್ತಂಗಿಲ್ಲ. ನಾ ಇವನ್ನೇ ಆರಿಸಿ ಇಟ್ಕೋತೀನಿ."

"ಇದು ದೊಡ್ಡದು ಅಕ್ಕಾ. ಕಂಪ್ಯೂಟರು ಇದನ್ನ ಸಣ್ಣ ರೂಪಾಯಿ ಅಂತ ತಿಳದು ನಿನ್ನ ಎಲುಬೂ ಸಣ್ಣದು ಮಾಡ್ತು."

"ಅದಕ್ಕ ನಾ ಏನ್ ಮಾಡ್ಲಿ? ರೂಪಾಯಿನೇ ಇಟ್ಟೀನಿ. ಎಂಟಾಣೆ ಇಟ್ಟೀನೇನು?" ಎಂದು ಡಾಕ್ಟರ ಕಡೆ ತಿರುಗಿದಳು. "ನೀವೇ ಹೇಳ್ರಿ ಡಾಕ್ಟರಪ್ಪಾ."

ಡಾಕ್ಟರು ಆ ನಾಣ್ಯವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹೋಗಿ ಅಳೆದು, ಕಂಪ್ಯೂಟರಿನಲ್ಲಿ ಅಂಕಿ ತಿದ್ದಿದರು. ಎಡಚೌಕದ ಎಲುಬು ಬೆಳೆದು ಬಲಚೌಕದ್ದಕ್ಕೆ ಸರಿಗೂಡಿತು. ಆದರೂ ಆಪರೇಶನ್ನನ್ನು ಎರಡು ದಿನ ಮುಂದೆ ಹಾಕಿ, ಹೈದರಾಬಾದಿಗೆ ಫೋನು ಮಾಡಿ ದೊಡ್ಡ ಸೈಜು ತರಿಸಿದರು. ಉಕ್ಕಿನ ಗುಂಡು ಇಟ್ಟು ಇನ್ನೊಂದು ಚಿತ್ರವನ್ನೂ ತೆಗೆಸಿದರು. ಆ ಹೊತ್ತು ನಾನು ಸೀಸದ ಏಪ್ರನ್ ತೊಟ್ಟು ಅಕ್ಕನ ಪಕ್ಕದಲ್ಲೇ ಪಹರೆ ನಿಂತಿದ್ದೆ. ಎಲ್ಲಾ ಕಡೆ ಒಂದೇ ಎಂದು ಸಾರಿದವನು ನಾನೇ ತಾನೆ ಎಂದು ಡಾಕ್ಟರು ನೆನಪು ಮಾಡಿಕೊಡಲಿಲ್ಲ. ಅದು ಅವರ ದೊಡ್ಡತನ.

ಆಪರೇಶನ್ ಆದ ಮರುದಿನ ಬೆಳಿಗ್ಗೆ ಅಕ್ಕನನ್ನು ವಾಕರ್ ಹಿಡಿಸಿ ಎಬ್ಬಿಸಿದರು. ಡಾಕ್ಟರು ಲ್ಯಾಪ್‌ಟಾಪು ತಂದು, ಹಿಂದಿನ ಚಿತ್ರ ಮತ್ತು ಈಗಿನ ಚಿತ್ರವನ್ನು ಅಕ್ಕಪಕ್ಕ ಇಟ್ಟು, "ನೋಡ್ರಿ ಅವ್ವಾ, ಎರಡೂ ಕಾಲು ಒಂದೇ ಸಾಲಿಗೆ ಬಂದಾವ" ಎಂದರು.

"ಅದನ್ನ ನನ್ನ ತಮ್ಮಗ ತೋರ್ಸ್ರಿ" ಎಂದಳು ಅಕ್ಕ. ಅವಳು ನೋಡುತ್ತಿದ್ದದ್ದು ಕೆಳಗೆ. ಸೀರೆಯ ಅಂಚನ್ನು ತುಸು ಎತ್ತಿ ಬಲಗಾಲನ್ನು ನೆಲಕ್ಕೆ ಊರಿದಳು. ಬೆರಳು ಮುಟ್ಟಿದವು, ಅಂಗಾಲು ಮುಟ್ಟಿತು, ಆಮೇಲೆ ಹಿಮ್ಮಡಿಯೂ ಮುಟ್ಟಿತು. ಹಿಮ್ಮಡಿಯನ್ನು ಎತ್ತಿ ಮತ್ತೊಮ್ಮೆ ಊರಿ ನೋಡಿದಳು.

ನಾನು ಹಿಡಿದುಕೊಳ್ಳಲೆಂದು ಎದುರಿಗೆ ಎರಡೂ ಕೈ ಚಾಚಿ ನಿಂತಿದ್ದೆ.

"ಏ, ಸರಿ ಆಚಿಗೆ" ಎಂದಳು. "ಹಾದ್ಯಾಗ ನಿಂತೀದಿ."

ಗೋಡೆಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟೆ.