ಪಾಲಿಶ್ ಬೇಡದ ಹಲಗೆಗಳು

ಕಲ್ಲಡ್ಕದ ಮೂಸಾ ಮೂವತ್ತೊಂದು ವರ್ಷ ಮರಕ್ಕೆ ಪಾಲಿಶ್ ಹೊಡೆದವರು. ಬಡಗಿ ಶಂಭು ಪ್ಲೈವುಡ್ ಕೊಯ್ದು ಕಪಾಟು ಕೂಡಿಸಿದರೆ, ಅದನ್ನು ಉಜ್ಜಿ ನುಣುಪು ಮಾಡಿ, ಥಿನ್ನರ್ ಬೆರೆಸಿದ ಪಾಲಿಶ್ ಸಿಂಪಡಿಸುವುದು ಮೂಸಾ. ಇಪ್ಪತ್ತು ವರ್ಷ ಇಬ್ಬರ ಜೋಡಿ ಹೀಗೇ ನಡೆದಿತ್ತು. ಮೂಗಿಗೆ ಹಳೆಯ ಬೈರಾಸಿನ ಒಂದು ತುಂಡು ಬಟ್ಟೆ ಕಟ್ಟಿಕೊಂಡರೆ ಮೂಸಾರಿಗೆ ಅದೇ ರಕ್ಷಣೆ.

ಐವತ್ತೈದು ದಾಟಿದ ಮೇಲೆ ಉಸಿರು ಕೈಕೊಡತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ನಿಲ್ಲಬೇಕು. ಕೆಲಸ ಬಿಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆ ಮಾತು ಹೆಂಡತಿ ಬೀಯಮ್ಮನಿಗೆ ಮಾತ್ರ ಗೊತ್ತಿತ್ತು. ಶಂಭುವಿಗೆ ಅವರು ಹೇಳಿರಲಿಲ್ಲ. ಹೇಳಿದರೆ ಅವನು ಮರುದಿನದಿಂದ ಕರೆಯುವುದಿಲ್ಲ ಎಂಬ ಅಂಜಿಕೆ. ಇನ್ಹೇಲರ್ ಅಂಗಿಯ ಒಳಕಿಸೆಯಲ್ಲಿ ಇರುತ್ತಿತ್ತು.

ಒಂದು ಭಾನುವಾರ ಶಂಭುವೇ ಮನೆಗೆ ಬಂದ.

“ಮೂಸಾಕ, ಅಳದಂಗಡಿಯಲ್ಲಿ ರಮ್ಯಶ್ರೀ ಟೀಚರ ಮನೆಯ ಕೆಲಸ ಸಿಕ್ಕಿದೆ. ಆದರೆ ಅವರಿಗೆ ಫ್ಯಾಕ್ಟರಿಯಲ್ಲೇ ಪಾಲಿಶ್ ಆಗಿ ಬರುವ ಹಲಗೆಯೇ ಆಗಬೇಕಂತೆ.”

“ಹಾಗಾದರೆ ನನಗೆ ಅಲ್ಲಿ ಕೆಲಸ ಇಲ್ಲ.”

“ಹೇಗೆ ಹೇಳುವುದು ಅಂತ ಎರಡು ದಿನ ಆಲೋಚನೆ ಮಾಡಿದೆ.”

“ಈಗ ಹೇಳಿದೆಯಲ್ಲ. ಚಾ ಕುಡಿದು ಹೋಗು.”

ಆ ವಾರದ ಕೊನೆಗೆ ಮೂಸಾ ಯಾರಿಗೂ ಹೇಳದೆ ಅಳದಂಗಡಿಗೆ ಬಸ್ಸು ಹತ್ತಿದರು. ಆ ಹಲಗೆಯಲ್ಲಿ ಏನಾದರೂ ಕುಂದು ಕಾಣಬೇಕು, ಅದನ್ನು ಶಂಭುವಿನ ಎದುರು ಹೇಳಬೇಕು ಎಂದು ಅವರ ಮನಸ್ಸು ಹಟ ಹಿಡಿದಿತ್ತು.

ಅವರು ಟೀಚರ ಮನೆ ಮುಟ್ಟಿದಾಗ ಶಂಭು ತಿಂಡಿಗೆ ಹೋಗಿದ್ದ. ಹಜಾರದಲ್ಲಿ ತೆಳು ಪ್ಲಾಸ್ಟಿಕ್ ಹೊದ್ದ ತೇಗದ ಬಣ್ಣದ ಹಲಗೆಗಳು ಗೋಡೆಗೆ ಒರಗಿದ್ದವು. ಮೂಸಾ ಒಂದರ ಮೂಲೆಯ ಪ್ಲಾಸ್ಟಿಕ್ ಸರಿಸಿ ಬೆರಳಾಡಿಸಿದರು. ಒಂದು ಗೆರೆ ಇಲ್ಲ, ಒಂದು ಗುಳ್ಳೆ ಇಲ್ಲ. ಮೂರು ದಿನ ಉಜ್ಜಿದರೂ ತಮ್ಮ ಕೈಯಿಂದ ಇಷ್ಟು ಸಮ ಬರಲಿಕ್ಕಿಲ್ಲ ಎಂದು ಅವರು ಒಪ್ಪಬೇಕಾಯಿತು. ಎದೆ ಬಿಗಿಯಿತು. ಗೋಡೆ ಹಿಡಿದು ನಿಂತು ಇನ್ಹೇಲರ್ ತೆಗೆದು ಎಳೆದುಕೊಂಡರು.

“ಅಜ್ಜ, ನಿಮಗೂ ಇದು ಉಂಟಾ?”

ಬಾಗಿಲಲ್ಲಿ ಎಂಟು ವರ್ಷದ ಹುಡುಗಿ ನಿಂತಿದ್ದಳು. ಟೀಚರ ಮಗಳು ಸಾತ್ವಿಕಾ. ಅವಳ ಕೈಯಲ್ಲೂ ಅಂಥದ್ದೇ ನೀಲಿ ಇನ್ಹೇಲರ್.

“ಮೊದಲಿನ ಮನೆಯಲ್ಲಿ ಪಾಲಿಶ್ ಹೊಡೆಯುವಾಗ ನನ್ನನ್ನು ಆಸ್ಪತ್ರೆಗೆ ಹಾಕಿದ್ದರು,” ಎಂದಳು ಅವಳು. “ಅದಕ್ಕೆ ಈ ಸಲ ವಾಸನೆ ಇಲ್ಲದ್ದು.”

ಮೂಸಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಆ ಮೊದಲಿನ ಮನೆಯಲ್ಲಿ ಪಾಲಿಶ್ ಹೊಡೆದವರು ತಾವಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ತಾವು ಕೆಲಸ ಮಾಡಿದ ಮನೆಗಳು ಒಂದೊಂದಾಗಿ ಕಣ್ಣೆದುರು ಬಂದವು. ಒಳಗಿನ ಕೋಣೆಯಲ್ಲಿ ತೊಟ್ಟಿಲು, ಹೊರಗೆ ತಮ್ಮ ಸಿಂಪಡಣೆ. ಯಾವ ಮಗು ಕೆಮ್ಮಿತ್ತು ಎಂದು ಅವರು ಒಂದು ದಿನವೂ ಕೇಳಿರಲಿಲ್ಲ.

ಶಂಭು ಹಿಂತಿರುಗಿದಾಗ ಅವರು ಎಲ್ಲವನ್ನೂ ಹೇಳಿದರು, ಡಾಕ್ಟರ ಮಾತನ್ನೂ ಸೇರಿಸಿ.

“ಈ ಹಲಗೆ ಹತ್ತು ವರ್ಷ ಮೊದಲೇ ಬಂದಿದ್ದರೆ ನಾನು ಈಗ ಮೆಟ್ಟಿಲು ಹತ್ತುತ್ತಿದ್ದೆ, ಶಂಭು.”

“ನನಗೆ ಹೇಳಬಹುದಿತ್ತು ಮೂಸಾಕ,” ಎಂದ ಶಂಭು.

ಮೂಸಾ ಹಲಗೆಗಳತ್ತ ನೋಡಿದರು. “ಇದನ್ನು ಬಂದ ಹಾಗೇ ಕೂಡಿಸಬೇಡ. ಮೂರನೆಯದರಲ್ಲಿ ಮರದ ನಾರು ಎಡಕ್ಕೆ ಓಡುತ್ತದೆ, ಪಕ್ಕದ್ದು ಬಲಕ್ಕೆ. ಕಪಾಟು ಮುಚ್ಚಿದಾಗ ಎದ್ದು ಕಾಣ್ತದೆ.”

ಅದು ನಿಜವಾಗಿತ್ತು. ಸಿದ್ಧವಾಗಿ ಬಂದ ಹಲಗೆಯನ್ನು ಮತ್ತೆ ಉಜ್ಜುವಂತಿಲ್ಲ, ಬಣ್ಣ ತಿದ್ದುವಂತಿಲ್ಲ. ಯಾವುದರ ಪಕ್ಕ ಯಾವುದು ಎಂದು ಕೊಯ್ಯುವ ಮೊದಲೇ ತಿಳಿದಿರಬೇಕು. ಮೂಸಾ ಎಲ್ಲವನ್ನೂ ಬೆಳಕಿಗೆ ಇಡಿಸಿ, ಹಿಂಬದಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಸಿದರು. ಅಂದಿನಿಂದ ಅದೇ ಅವರ ಕೆಲಸವಾಯಿತು.

ಎದೆ ಮಾತ್ರ ಸರಿಯಾಗಲಿಲ್ಲ. ಮೂರನೆಯ ವರ್ಷ ಬಸ್ಸು ಹತ್ತುವುದೂ ಕಷ್ಟವಾಯಿತು. ಆಮೇಲೆ ಕೆಲಸ ಬೆಳ್ತಂಗಡಿಯಲ್ಲಿರಲಿ, ಮೂಡಬಿದ್ರೆಯಲ್ಲಿರಲಿ, ಹಲಗೆ ತುಂಬಿದ ಟೆಂಪೊ ಮೊದಲು ಕಲ್ಲಡ್ಕಕ್ಕೆ ಬರುತ್ತದೆ. ಬೀಯಮ್ಮ ಅಂಗಳಕ್ಕೆ ಕುರ್ಚಿ ತಂದಿಡುತ್ತಾರೆ. ಶಂಭು ಒಂದೊಂದೇ ಹಲಗೆ ಇಳಿಸಿ ಎದುರಿಗೆ ಹಿಡಿಯುತ್ತಾನೆ. ಮಾತಾಡಿದರೆ ಮೂಸಾರಿಗೆ ಉಸಿರು ಸಾಲುವುದಿಲ್ಲ. ಹಾಗಾಗಿ ಅವರು ಬೆರಳಲ್ಲೇ ತೋರಿಸುತ್ತಾರೆ: ಒಂದು, ಎರಡು, ಇದನ್ನು ತಿರುಗಿಸು.